ಮುಗಿಯುವ ಆಟವೇ ಆಟ

ಚಪ್ಪಲಿ ಹೊರಗೇ ಬಿಡಿ, ಒದ್ದೆ ಕೊಡೆಯನ್ನು ಬಾಗಿಲ ಪಕ್ಕದ ಬಕೆಟ್ಟಿನಲ್ಲಿ ನಿಲ್ಲಿಸಿ, ಒಳಗೆ ಬನ್ನಿ. ಜಯನಗರದ ಈ ಎರಡನೇ ಮಹಡಿಯ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಹತ್ತೂವರೆಗೆಲ್ಲ ಟೀಪಾಯಿ ಗೋಡೆಗೆ ಸರಿದು, ಊಟದ ಮೇಜು ನಡುಮನೆಗೆ ಬಂದಿರುತ್ತದೆ. ಮೇಜಿನ ಮೇಲೆ ಹಾಸಿರುವುದು ಹಳೆಯ ಬೆಡ್‌ಶೀಟು. ದಾಳ ಉರುಳಿದ ಸದ್ದು ಕೆಳಗಿನ ಮನೆಯವರಿಗೆ ಕೇಳಬಾರದಲ್ಲ, ಅದಕ್ಕೆ. ಕಪಾಟಿನಲ್ಲಿ ಪುಸ್ತಕ ಕಮ್ಮಿ, ಆಟದ ಡಬ್ಬಿಗಳೇ ಜಾಸ್ತಿ.

ಕಿಟಕಿ ಪಕ್ಕ ಕೂತವರು ಬ್ಯಾಂಕ್ ಮೇಡಂ, ಮಲ್ಲೇಶ್ವರದಿಂದ ಹಸಿರು ಮಾರ್ಗದ ಮೆಟ್ರೋ ಹಿಡಿದು ಬರುತ್ತಾರೆ. ಎದುರಿಗಿರುವವನು ಪುತ್ತೂರಿನ ಹುಡುಗ. ವಾರವಿಡೀ ಕಂಪ್ಯೂಟರ್ ಮುಂದೆ ಕೂತು, ಭಾನುವಾರ ಇಲ್ಲಿ ಕೂರುತ್ತಾನೆ. ಸೋಫಾದ ಮೂಲೆಯಲ್ಲಿ ಫೋನಿನೊಳಗೆ ಮುಖ ಹುದುಗಿಸಿರುವವನು ಅಕ್ಕನ ಮಗ, ಏಳನೇ ಕ್ಲಾಸು. ಅವನ ವಿಷಯಕ್ಕೆ ಆಮೇಲೆ ಬರೋಣ. ನಾಲ್ಕನೇ ಕುರ್ಚಿ ನಿಮ್ಮದು.

ಏನು ಆಡೋಣ ಎಂದು ಕೇಳುವ ಮೊದಲು ಒಂದು ಡಬ್ಬಿ ಕೈಗೆತ್ತಿಕೊಂಡು ಪಕ್ಕಕ್ಕೆ ತಿರುಗಿಸಿ ನೋಡಿ. ಮೂರು ಸಣ್ಣ ಗುರುತು, ಮೂರು ಅಂಕಿ: ಎಷ್ಟು ಜನ ಆಡಬಹುದು, ಎಷ್ಟು ವಯಸ್ಸಾಗಿರಬೇಕು, ಎಷ್ಟು ನಿಮಿಷ ಹಿಡಿಯುತ್ತದೆ. ನೀವು ಎತ್ತಿಕೊಂಡದ್ದು ‘ಪ್ಯಾಂಡೆಮಿಕ್’. ಇಬ್ಬರಿಂದ ನಾಲ್ವರು, 8 ವರ್ಷಕ್ಕೆ ಮೇಲ್ಪಟ್ಟವರು, 45 ನಿಮಿಷ. ನನಗೆ ಬಹಳ ಮೆಚ್ಚುಗೆಯಾಗುವುದು ಆ ಮೂರನೆಯ ಅಂಕಿ. ನಿಮ್ಮಿಂದ ಇಷ್ಟು ಹೊತ್ತು ಕೇಳುತ್ತೇನೆ, ಆಮೇಲೆ ಬಿಟ್ಟುಬಿಡುತ್ತೇನೆ ಎಂದು ಡಬ್ಬಿ ಮುಂಚೆಯೇ ಮಾತು ಕೊಡುತ್ತದೆ. ಫೋನಿಗೆ ಇಳಿಸಿಕೊಳ್ಳುವ ಎಷ್ಟು ಆಟಗಳು ಇಂಥ ಮಾತು ಕೊಡುತ್ತವೆ ಹೇಳಿ. ಆಟಗಳ ಬಗ್ಗೆ ನನಗಿರುವ ತಕರಾರೆಲ್ಲ ಈ ಅಂಕಿಯದ್ದೇ. ಮುಗಿಯಲು ಬರುವ ಆಟ ಒಳ್ಳೆಯ ಆಟ. ಮುಗಿಯಲು ಒಪ್ಪದ್ದು ಅಂಗಡಿ. ಸಂಜೆಯವರೆಗೆ ಇರುತ್ತೀರಲ್ಲ, ವಾದ ಮಾಡೋಣ.

ಈಗ ಹಲಗೆ ಬಿಡಿಸುತ್ತೇನೆ. ಕಡುನೀಲಿ ಭೂಪಟ, 48 ಊರು, ಊರಿಂದೂರಿಗೆ ಗೆರೆ. ದಿಲ್ಲಿ, ಮುಂಬೈ, ಕೋಲ್ಕತ್ತಾ, ಚೆನ್ನೈ ನಾಲ್ಕೂ ಇವೆ. ಬೆಂಗಳೂರು ಇಲ್ಲ. ಹೊಸಬರೆಲ್ಲ ಮೊದಲು ಹುಡುಕುವುದು ಅದನ್ನೇ, ನೀವೂ ಹುಡುಕಿದಿರಿ. ಅಮೆರಿಕದ ಮ್ಯಾಟ್ ಲೀಕಾಕ್ ರೂಪಿಸಿದ ಈ ಆಟ ಬಂದದ್ದು 2008ರಲ್ಲಿ. ಇಲ್ಲಿ ನಾವು ಒಬ್ಬರ ವಿರುದ್ಧ ಒಬ್ಬರು ಆಡುವುದಿಲ್ಲ, ನಾಲ್ವರೂ ಸೇರಿ ಹಲಗೆಯ ವಿರುದ್ಧ ಆಡುತ್ತೇವೆ. ನಾಲ್ಕು ಬಣ್ಣದ ರೋಗ, ಒಂದೊಂದಕ್ಕೂ 24 ಪುಟ್ಟ ಕ್ಯೂಬು. ನಾಲ್ಕಕ್ಕೂ ಮದ್ದು ಕಂಡುಹಿಡಿದರೆ ಗೆದ್ದೆವು. ಸೋಲುವುದಕ್ಕೆ ಮೂರು ದಾರಿ: ಎಂಟು ಸಲ ರೋಗ ಸ್ಫೋಟಿಸಿದರೆ ಸೋಲು, ಒಂದು ಬಣ್ಣದ ಕ್ಯೂಬು ಖಾಲಿಯಾದರೆ ಸೋಲು, ನಾವು ಎಳೆಯುವ ಎಲೆಗಳ ಕಟ್ಟು ತೀರಿದರೂ ಸೋಲು. ನಾಲ್ವರು ಕೂತರೆ ಒಬ್ಬೊಬ್ಬರಿಗೆ ಸಿಗುವುದು ಸುಮಾರು ಆರು ಸರದಿ. ಕಟ್ಟು ಸಣ್ಣಗಾಗುವುದು ಎಲ್ಲರಿಗೂ ಕಾಣುತ್ತಿರುತ್ತದೆ.

ನಿಮ್ಮದು ವೈದ್ಯರ ಪಾತ್ರ. ಬೇರೆಯವರು ಒಂದು ನಡೆಗೆ ಒಂದು ಕ್ಯೂಬು ತೆಗೆದರೆ, ನೀವು ಆ ಊರಿನಲ್ಲಿರುವ ಆ ಬಣ್ಣದ್ದಷ್ಟನ್ನೂ ಒಂದೇ ನಡೆಗೆ ಬಾಚಬಹುದು. ಮೇಡಂ ವಿಜ್ಞಾನಿ. ಪುತ್ತೂರಿನವನು ಎಲ್ಲರ ಕಾಯಿ ನಡೆಸಬಲ್ಲ ಸಂಚಾಲಕ. ನಾನು ಎಲೆ ಹಂಚುವ ಸಂಶೋಧಕ.

ಎರಡು ಸುತ್ತು ಸಲೀಸಾಗಿ ಹೋಯಿತು. ನೀವು ಬ್ಯಾಂಕಾಕಿನಲ್ಲಿ ನಿಂತಿದ್ದೀರಿ. ದಿಲ್ಲಿಯಲ್ಲಿ ಮೂರು ಕಪ್ಪು ಕ್ಯೂಬು, ಚೆನ್ನೈಯಲ್ಲಿ ಮೂರು, ಕೋಲ್ಕತ್ತಾದಲ್ಲಿ ಒಂದು. ಮೂರಿದ್ದ ಕಡೆ ನಾಲ್ಕನೆಯದು ಬಿದ್ದರೆ ಸ್ಫೋಟ. ಮೇಡಂ ತಮ್ಮ ಸರದಿ ಮುಗಿಸಿ ಎಲೆ ಎಳೆಯುತ್ತಾರೆ. ಹಸಿರು ಎಲೆ: ಮಹಾಮಾರಿ. ರೋಗದ ಕಟ್ಟಿನ ತಳದಿಂದ ಒಂದು ಎಲೆ ತೆಗೆಯಬೇಕು. ಕರಾಚಿ ಬಂತು, ಅಲ್ಲಿ ಮೂರು ಕ್ಯೂಬು. ಆಮೇಲಿನದು ಈ ಆಟದ ಅತ್ಯಂತ ಕೆಟ್ಟ ಬುದ್ಧಿ, ಅಷ್ಟೇ ಚಂದದ ಯೋಚನೆ. ಇಲ್ಲಿಯವರೆಗೆ ರೋಗ ಬಂದ ಊರುಗಳ ಎಲೆಗಳನ್ನು ಕಲಸಿ ಮತ್ತೆ ಕಟ್ಟಿನ ತಲೆಯ ಮೇಲೇ ಇಡಬೇಕು. ನೊಂದ ಊರುಗಳೇ ಮತ್ತೆ ನೋಯಬೇಕು.

ಸರದಿಯ ಕೊನೆಗೆ ರೋಗದ ಎಲೆ ತಿರುಗಿಸಬೇಕು. ಮೇಡಂ ಉಸಿರು ಬಿಗಿಹಿಡಿದು ಮೊದಲ ಎಲೆ ತಿರುಗಿಸುತ್ತಾರೆ. ಚೆನ್ನೈ.

‘ಹೋಯ್ತಲ್ಲ ಮಾರಾಯ್ರೆ,’ ಎನ್ನುತ್ತಾನೆ ಪುತ್ತೂರಿನವನು.

ಚೆನ್ನೈ ಸಿಡಿಯಿತು. ಗೆರೆ ಹಿಡಿದು ಹೋಗಿ: ಮುಂಬೈ, ದಿಲ್ಲಿ, ಕೋಲ್ಕತ್ತಾ, ಬ್ಯಾಂಕಾಕ್, ಜಕಾರ್ತ, ಒಂದೊಂದಕ್ಕೂ ಒಂದು ಕಪ್ಪು. ದಿಲ್ಲಿಯಲ್ಲಿ ಆಗಲೇ ಮೂರಿತ್ತು, ಅದೂ ಸಿಡಿಯಿತು. ಟೆಹ್ರಾನ್, ಕರಾಚಿ, ಮುಂಬೈ, ಕೋಲ್ಕತ್ತಾ. ಕರಾಚಿಯಲ್ಲಿ ಈಗಷ್ಟೇ ಮೂರು ಇಟ್ಟೆವು, ಅದೂ ಹೋಯಿತು. ಟೆಹ್ರಾನ್, ರಿಯಾದ್, ಬಾಗ್ದಾದ್, ಮುಂಬೈ. ಒಂದೇ ಎಲೆಗೆ ಮೂರು ಸ್ಫೋಟ. ಕಪ್ಪು ಕ್ಯೂಬಿನ ಬಟ್ಟಲು ನೋಡಿ, ಉಳಿದಿರುವುದು ಮೂರೇ. ಇನ್ನೊಂದು ಊರು ಹೀಗೆ ಸಿಡಿದರೆ ಬಟ್ಟಲು ಬರಿದು, ಆಟ ಖತಂ.

ಈಗ ಸರದಿ ನಿಮ್ಮದು, ಕೈಯಲ್ಲಿ ನಾಲ್ಕು ನಡೆ. ಬ್ಯಾಂಕಾಕಿನಿಂದ ಕೋಲ್ಕತ್ತಾಕ್ಕೆ ಒಂದು ನಡೆ, ಅಲ್ಲಿನ ಮೂರು ಕ್ಯೂಬು ಬಾಚಲು ಒಂದು. ಇಷ್ಟು ಖಚಿತ. ಉಳಿದ ಎರಡಕ್ಕೆ ಎಲ್ಲಿಗೆ? ಕೈ ತಾನಾಗಿಯೇ ಚೆನ್ನೈ ಕಡೆ ಹೋಗುತ್ತದೆ. ಅನಾಹುತ ಶುರುವಾದದ್ದು ಅಲ್ಲೇ ಅಲ್ಲವೆ? ನಾನು ಬಾಯಿ ತೆರೆಯುವುದಿಲ್ಲ. ನಮ್ಮ ಮೇಜಿನಲ್ಲಿ ಕೇಳಿದರೆ ಮಾತ್ರ ಸಲಹೆ. ಕೂಡಿ ಆಡುವ ಆಟಗಳಿಗೆ ಅಂಟಿಕೊಂಡಿರುವ ಜಾಡ್ಯ ಇದೊಂದೇ: ಒಬ್ಬ ಬುದ್ಧಿವಂತ ಎಲ್ಲರ ಸರದಿಯನ್ನೂ ತಾನೇ ಆಡುತ್ತಾನೆ, ಉಳಿದ ಮೂವರು ಅವನು ಹೇಳಿದ ಕಡೆ ಕಾಯಿ ಸರಿಸುತ್ತಾರೆ.

ಎಸೆದ ರೋಗದ ಎಲೆಗಳತ್ತ ನೀವು ನೋಡುತ್ತೀರಿ. ಚೆನ್ನೈ ಎಲೆ ಅಲ್ಲಿ ಬಿದ್ದಿದೆ, ಮುಂದಿನ ಮಹಾಮಾರಿಯವರೆಗೆ ಅದು ಮತ್ತೆ ಬರುವುದಿಲ್ಲ. ದಿಲ್ಲಿ ಎಲೆ ಮಾತ್ರ ಇನ್ನೂ ಕಟ್ಟಿನ ಮೇಲ್ಭಾಗದಲ್ಲೇ ಎಲ್ಲೋ ಇದೆ. ‘ದಿಲ್ಲಿಗೆ ಹೋಗ್ತೀನಿ,’ ಎನ್ನುತ್ತೀರಿ. ಮೇಡಂ ನನ್ನ ಮುಖ ನೋಡಿ ಹುಬ್ಬೇರಿಸುತ್ತಾರೆ. ದಿಲ್ಲಿಯ ಮೂರು ಕ್ಯೂಬೂ ಬಟ್ಟಲಿಗೆ. ಇನ್ನು ರೋಗದ ಎಲೆ ಎರಡು. ಮೊದಲನೆಯದು ಲಿಮಾ, ಎಲ್ಲೋ ದೂರದ್ದು. ಎರಡನೆಯದನ್ನು ನೀವೇ ತಿರುಗಿಸಿ.

ದಿಲ್ಲಿ. ಖಾಲಿ ಊರಿನಲ್ಲಿ ಒಂದೇ ಒಂದು ಕ್ಯೂಬು.

ಆ ಕೂಗಿಗೆ ಅಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನೋಡಿ ಹೋದರು. ಗಮನಿಸಿ, ಇಲ್ಲಿ ಯಾರಿಗೂ ಏನೂ ಸಿಗಲಿಲ್ಲ. ನಾಣ್ಯ ಉದುರಲಿಲ್ಲ, ‘ಅಭಿನಂದನೆಗಳು’ ಎಂಬ ಫಲಕ ಹಾರಲಿಲ್ಲ. ನೀವೊಂದು ತೀರ್ಮಾನ ತೆಗೆದುಕೊಂಡಿರಿ, ಅದಕ್ಕೆ ಬೆಲೆ ಬಂತು. ಒಂದು ಆಟದಿಂದ ನಾನು ಬಯಸುವುದು ಅಷ್ಟೇ.

ಕೊನೆಗೆ ನಾವು ಸೋತೆವು. ಮೂರು ರೋಗಕ್ಕೆ ಮದ್ದು ಸಿಕ್ಕಿತ್ತು, ನಾಲ್ಕನೆಯದಕ್ಕೆ ಒಂದು ಎಲೆ ಸಾಲದೆ ಕಟ್ಟು ತೀರಿತು. ಸೋತವರು ನಾಲ್ವರೂ ಸೇರಿ ಹತ್ತು ನಿಮಿಷ ಪೋಸ್ಟ್‌ಮಾರ್ಟಂ ಮಾಡುತ್ತೇವೆ: ಆ ಸರದಿಯಲ್ಲಿ ಹಾಗೆ ಮಾಡಿದ್ದರೆ, ಈ ಎಲೆ ಇವರಿಗೆ ಕೊಟ್ಟಿದ್ದರೆ. ಮುಗಿದ ಆಟದ ಬಗ್ಗೆಯೇ ಇಂಥ ಮಾತು ಸಾಧ್ಯ. ನಡೆಯುತ್ತಲೇ ಇರುವುದರ ಬಗ್ಗೆ ಪೋಸ್ಟ್‌ಮಾರ್ಟಂ ಮಾಡುವುದು ಹೇಗೆ?

ಊಟಕ್ಕೆ ಬಿಸಿಬೇಳೆಬಾತು, ಬೂಂದಿ. ತಟ್ಟೆ ಹಿಡಿದುಕೊಂಡು ‘ಬಿಸಿನೆಸ್’ ಬಗ್ಗೆ ಜಗಳ ಆರಂಭವಾಗುತ್ತದೆ. ಎಂಬತ್ತು ತೊಂಬತ್ತರ ದಶಕದಲ್ಲಿ ಬೇಸಿಗೆ ರಜೆ ಕಳೆದವರೆಲ್ಲ ಆಡಿದ ಆಟ, ಬಣ್ಣಬಣ್ಣದ ನೋಟು, ಬೊಂಬಾಯಿ ಕಲ್ಕತ್ತೆ ಕೊಳ್ಳುವುದು. ಮೇಡಂಗೆ ಅದರ ಮೇಲೆ ಅಭಿಮಾನ. ನನಗಿಲ್ಲ. ಅದರ ಮೂಲ ‘ಮೊನಾಪಲಿ’, ಅದರ ಮೂಲ ಎಲಿಜಬೆತ್ ಮ್ಯಾಗಿ ಎಂಬ ಅಮೆರಿಕನ್ ಮಹಿಳೆ 1904ರಲ್ಲಿ ಪೇಟೆಂಟ್ ಪಡೆದ ‘ದಿ ಲ್ಯಾಂಡ್‌ಲಾರ್ಡ್ಸ್ ಗೇಮ್’. ಜಮೀನು ಒಬ್ಬರ ಕೈಸೇರಿದರೆ ಉಳಿದವರ ಗತಿ ಏನಾಗುತ್ತದೆಂದು ತೋರಿಸಲು ಆಕೆ ಅದನ್ನು ಮಾಡಿದ್ದು. 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ಅದನ್ನೇ ಶ್ರೀಮಂತರಾಗುವ ಆಟ ಮಾಡಿ ಮಾರಿತು. ಯಾರು ಗೆಲ್ಲುತ್ತಾರೆಂದು ಒಂದು ಗಂಟೆಯಲ್ಲೇ ಗೊತ್ತಾಗುತ್ತದೆ, ಆಟ ಮಾತ್ರ ಮೂರು ಗಂಟೆ ಎಳೆಯುತ್ತದೆ. ದಿವಾಳಿಯಾದವನು ಎದ್ದು ಅಡಿಗೆಮನೆಗೆ ಹೋಗುತ್ತಾನೆ. ಮ್ಯಾಗಿಯ ಪಾಠ ಅದೇ ಆಗಿತ್ತು ನಿಜ, ಆದರೆ ಭಾನುವಾರದ ಮಧ್ಯಾಹ್ನಕ್ಕೆ ಅದು ಶಿಕ್ಷೆ.

‘ಮತ್ತೆ ಕ್ಯಾಟನ್ ಮಾತ್ರ ಸರಿನಾ ನಿಮಗೆ? ಅಲ್ಲೂ ದಾಳದ್ದೇ ದರ್ಬಾರು,’ ಎಂದು ಮೇಡಂ ತಿರುಗಿಬೀಳುತ್ತಾರೆ. ನ್ಯಾಯವಾದ ಪ್ರಶ್ನೆ. ಜರ್ಮನಿಯಲ್ಲಿ ಕೃತಕ ಹಲ್ಲು ಮಾಡುವ ಕಸುಬಿನಲ್ಲಿದ್ದ ಕ್ಲಾಸ್ ಟಾಯ್ಬರ್ 1995ರಲ್ಲಿ ಹೊರತಂದ ಆ ಆಟದಲ್ಲಿ 19 ಷಟ್ಕೋನದ ತುಂಡುಗಳ ಒಂದು ದ್ವೀಪ ಇರುತ್ತದೆ. ಎರಡು ದಾಳದ ಮೊತ್ತ ಯಾವ ತುಂಡಿನ ಮೇಲಿದೆಯೋ ಅಲ್ಲಿ ಮನೆ ಕಟ್ಟಿದವರಿಗೆ ಮರವೋ ಕುರಿಯೋ ಇಟ್ಟಿಗೆಯೋ ಸಿಗುತ್ತದೆ. ದಾಳ ಕೈಕೊಡುವುದುಂಟು. ಆದರೆ ಅದೃಷ್ಟ ಕೆಟ್ಟವನಿಗೂ ಬಾಯಿ ಇರುತ್ತದೆ. ‘ಎರಡು ಕುರಿ ಕೊಡ್ತೀನಿ, ಒಂದಿಟ್ಟಿಗೆ ಕೊಡಿ ಮೇಡಂ’ ಎಂದು ಕೊನೆಯ ಸುತ್ತಿನವರೆಗೂ ಚೌಕಾಸಿ ಮಾಡಬಹುದು. ಯಾರನ್ನೂ ಹೊರಗೆ ಹಾಕುವುದಿಲ್ಲ. ಒಬ್ಬರು ಹತ್ತು ಅಂಕ ಮುಟ್ಟಿದ ಕೂಡಲೇ ಮುಗಿಯಿತು. ಮೇಡಂ ಇಟ್ಟಿಗೆ ಕೊಡುವುದಿಲ್ಲ, ಅದು ಬೇರೆ ಮಾತು.

ಈಗ ಸೋಫಾದ ಮೂಲೆಗೆ ಬನ್ನಿ. ಹುಡುಗನ ಹೆಗಲ ಮೇಲಿಂದ ಆ ಪರದೆ ನೋಡಿ.

ಒಂದು ಮರದ ಪೆಟ್ಟಿಗೆ. ಅವನು ಬೆರಳಿಡುತ್ತಾನೆ. ಪೆಟ್ಟಿಗೆ ಗಡಗಡ ಅಲುಗುತ್ತದೆ, ಫೋನೂ ಕೈಯಲ್ಲಿ ನಡುಗುತ್ತದೆ. ಮುಚ್ಚಳದ ಸಂದಿಯಿಂದ ನೇರಳೆ ಬೆಳಕು, ಅದು ಇನ್ನೇನು ಚಿನ್ನದ ಬಣ್ಣಕ್ಕೆ ತಿರುಗಿತು ಎನ್ನುವಷ್ಟರಲ್ಲಿ ನೇರಳೆಯಾಗಿಯೇ ನಿಂತಿತು. ಬಂದದ್ದು ಅವನ ಬಳಿ ಆಗಲೇ ಇದ್ದ ಒಂದು ಗುರಾಣಿ. ಕೆಳಗೆ ಮಿನುಗುವ ಗುಂಡಿ: ಇನ್ನೊಂದು ತೆರೆಯಿರಿ. ಒಂದು ಪೆಟ್ಟಿಗೆಗೆ 100 ಹರಳು. ಅಂಗಡಿಯಲ್ಲಿ ಮಾರುವ ಹರಳಿನ ಚೀಲ 80ರದ್ದು. ಒಂದು ಚೀಲ ಸಾಲದು, ಎರಡು ಕೊಂಡರೆ 60 ಮಿಕ್ಕುತ್ತದೆ. ಆ ಮಿಕ್ಕ 60 ಮತ್ತೆ ಅಂಗಡಿಗೆ ಕರೆಯುತ್ತದೆ. ಮೇಲ್ಗಡೆ ಮೂಲೆಯಲ್ಲಿ ಒಂದು ಗಡಿಯಾರ ಹಿಂದಕ್ಕೆ ಓಡುತ್ತಿದೆ: ನಾಳೆ ಬೆಳಿಗ್ಗೆಯೊಳಗೆ ಲಾಗಿನ್ ಆಗದಿದ್ದರೆ ಏಳು ದಿನದ ಸರಪಳಿ ತುಂಡಾಗುತ್ತದೆ.

‘ಎಷ್ಟೊತ್ತಿಗೆ ಮುಗಿಯುತ್ತೋ ಇದು?’ ಎಂದು ಕೇಳುತ್ತೇನೆ.

‘ಮುಗಿಯಲ್ಲ ಮಾಮ. ಸೀಸನ್ ಮುಗಿಯುತ್ತೆ, ಆಮೇಲೆ ಇನ್ನೊಂದು ಸೀಸನ್.’

‘ಚೆನ್ನಾಗಿದೆಯಾ?’

ಅವನು ಸ್ವಲ್ಪ ಯೋಚಿಸುತ್ತಾನೆ. ‘ಬಿಟ್ರೆ ವೇಸ್ಟ್ ಆಗುತ್ತಲ್ಲ ಮಾಮ.’

ಕೇಳಿಸಿಕೊಂಡಿರಾ? ಚೆನ್ನಾಗಿದೆ ಎನ್ನಲಿಲ್ಲ. ಇಲ್ಲಿ ತೀರ್ಮಾನ ಎನ್ನುವುದೇ ಇಲ್ಲ, ಕಾಯುವುದಿದೆ, ತೆರೆಯುವುದಿದೆ, ಮತ್ತೆ ಕಾಯುವುದಿದೆ. ಹಣ ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳು ಜೂಜೇ ಎಂದು ಬೆಲ್ಜಿಯಂ 2018ರಲ್ಲೇ ಹೇಳಿತು. ನಮ್ಮಲ್ಲಿ ಚರ್ಚೆ ನಡೆದದ್ದೆಲ್ಲ ಹಣ ಕಟ್ಟಿ ಹಣ ಗೆಲ್ಲುವ ಆಟಗಳ ಸುತ್ತ. ಕರ್ನಾಟಕ 2021ರಲ್ಲಿ ಅವುಗಳ ವಿರುದ್ಧ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು, ಅದರ ಮುಖ್ಯ ಭಾಗಗಳನ್ನು 2022ರಲ್ಲಿ ಹೈಕೋರ್ಟ್ ತಳ್ಳಿಹಾಕಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾನೂನು, ಕೌಶಲವೋ ಅದೃಷ್ಟವೋ ಎಂಬ ಹಳೆಯ ವಾದವನ್ನು ಬದಿಗಿಟ್ಟು ಇಡೀ ದೇಶದಲ್ಲಿ ಹಣದಾಟ ನಿಷೇಧಿಸಿತು. ಇ-ಸ್ಪೋರ್ಟ್ಸ್‌ಗೆ ಮಾನ್ಯತೆಯನ್ನೂ ಕೊಟ್ಟಿತು. ಒಳ್ಳೆಯದೇ. ಆದರೆ ಹುಡುಗನ ಸಂಜೆಯನ್ನು ಕಬಳಿಸುವುದು ಬಾಜಿಯೊಂದೇ ಅಲ್ಲ. ಮುಗಿಯದಂತೆ ಕಟ್ಟಿದ ಆಟ ಒಂದು ಪೈಸೆ ಕೇಳದೆಯೂ ಅದನ್ನು ಮಾಡುತ್ತದೆ.

ವಿಡಿಯೋ ಗೇಮೇ ಕೆಟ್ಟದ್ದು, ಮಣೆಯಾಟವೇ ಶ್ರೇಷ್ಠ ಎಂದು ನಾನು ಭಾಷಣ ಮಾಡುತ್ತೇನೆಂದು ಕಾದಿದ್ದರೆ ತಪ್ಪು ಮನೆಗೆ ಬಂದಿದ್ದೀರಿ. ಟಿವಿ ಹಾಕುತ್ತೇನೆ. ಒಂದು ಕಂಟ್ರೋಲರ್ ನಿಮಗೆ, ಇನ್ನೊಂದು ಅಕ್ಕನ ಮಗನಿಗೆ. ಆಟ ‘ಇಟ್ ಟೇಕ್ಸ್ ಟು’, ಸ್ವೀಡನ್ನಿನ ಹೇಜ್‌ಲೈಟ್ ಸ್ಟುಡಿಯೋದ್ದು, 2021ರದ್ದು. ನಿರ್ದೇಶಿಸಿದ ಜೋಸೆಫ್ ಫಾರೆಸ್ ಮೊದಲು ಸಿನಿಮಾ ಮಾಡುತ್ತಿದ್ದವರು. ಒಬ್ಬರೇ ಆಡಲು ಇದರಲ್ಲಿ ದಾರಿಯೇ ಇಲ್ಲ, ಇಬ್ಬರು ಬೇಕೇ ಬೇಕು. ಒಬ್ಬರು ಕೊಂಡರೆ ಸಾಕು, ಬೇರೆ ಊರಿನಲ್ಲಿರುವ ಗೆಳೆಯ ಹಣ ಕೊಡದೆ ಜೊತೆ ಸೇರಬಹುದು.

ಡೈವೋರ್ಸಿಗೆ ಹೊರಟ ಗಂಡ ಹೆಂಡತಿ ಬೊಂಬೆಗಳಾಗಿ ತಮ್ಮದೇ ಮನೆಯ ಉಪಕರಣದ ಕೊಠಡಿಯಲ್ಲಿ ಸಿಕ್ಕಿಬಿದ್ದಿದ್ದಾರೆ. ಹುಡುಗನ ಕೈಯಲ್ಲಿ ಮೊಳೆಗಳು, ನಿಮ್ಮ ಕೈಯಲ್ಲಿ ಸುತ್ತಿಗೆ. ಅವನು ಗೋಡೆಗೆ ಮೊಳೆ ಎಸೆದು ನೆಟ್ಟರೆ ನೀವು ಸುತ್ತಿಗೆಯನ್ನು ಅದಕ್ಕೆ ಸಿಕ್ಕಿಸಿ ಜೋಲಿ ಹೊಡೆದು ಆಚೆ ದಡಕ್ಕೆ ಹಾರಬೇಕು. ಅವನು ಬೇಗ ನೆಟ್ಟ, ನೀವು ತಡವಾಗಿ ಹಾರಿದಿರಿ, ಬಿದ್ದಿರಿ. ‘ಒಂದ್ ಎರಡ್ ಮೂರ್ ಅಂತೀನಿ, ಆಗ ಹಾರಿ ಅಂಕಲ್.’ ಎರಡನೇ ಸಲವೂ ಬಿದ್ದಿರಿ. ಮೂರನೇ ಸಲ ದಾಟಿದಾಗ ಹುಡುಗ ಸೋಫಾದ ಮೇಲೆ ಎದ್ದು ನಿಂತಿದ್ದಾನೆ. ಫೋನು ದಿಂಬಿನ ಕೆಳಗೆ ಸೇರಿದ್ದು ಅವನಿಗೇ ಗೊತ್ತಿಲ್ಲ.

ಇಡೀ ಕಥೆ ಸುಮಾರು ಹನ್ನೆರಡು ಗಂಟೆಯದು. ಆಮೇಲೆ ಹೆಸರುಗಳ ಪಟ್ಟಿ ಓಡುತ್ತದೆ, ಮುಗಿಯಿತು. ಆ ವರ್ಷದ ‘ದಿ ಗೇಮ್ ಅವಾರ್ಡ್ಸ್’ನಲ್ಲಿ ವರ್ಷದ ಆಟ ಇದೇ. 2023ರಲ್ಲಿ ಅದೇ ಪ್ರಶಸ್ತಿ ಗೆದ್ದ ‘ಬಾಲ್ಡರ್ಸ್ ಗೇಟ್ 3’ ಇದಕ್ಕಿಂತ ಬಲು ದೊಡ್ಡದು, ನೂರು ಗಂಟೆಯನ್ನೂ ನುಂಗುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನಾಟದ ನಿಯಮಗಳೇ ಅದರ ಬೆನ್ನೆಲುಬು. ನೀವು ಬಾಗಿಲು ಒಡೆಯಲು ಹೊರಟರೂ, ಕಾವಲುಗಾರನಿಗೆ ಸುಳ್ಳು ಹೇಳಿದರೂ, ಪರದೆಯ ಮೇಲೆ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಒಳಗೆ ಹರಳಿನ ಅಂಗಡಿ ಇಲ್ಲ. ಹಾಗಾಗಿ ಗಂಟೆ ಎಷ್ಟು ಎನ್ನುವುದು ನನ್ನ ಅಳತೆಗೋಲಲ್ಲ. ಅದು ಎಲ್ಲಿಗೋ ಹೋಗಿ ಸೇರುತ್ತದೆಯೇ ಎನ್ನುವುದು ಅಳತೆಗೋಲು. ಧಾರಾವಾಹಿಗೂ ನಾನು ಇದೇ ಮಾತು ಹೇಳುತ್ತೇನೆ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ನ ಕಂತುಗಳು ಇಂದಿಗೂ ನೋಡಿಸಿಕೊಳ್ಳುವುದಕ್ಕೆ, ಕಥೆ ತೀರಿದಾಗ ಅವು ನಿಲ್ಲುತ್ತವೆ ಎನ್ನುವುದೂ ಒಂದು ಕಾರಣ. ಟಿಆರ್‌ಪಿ ಇರುವವರೆಗೆ ಸೊಸೆಗೆ ಹೊಸ ಹೊಸ ಕಷ್ಟ ತರುವ ಕಥೆಗೂ ನಮ್ಮ ಹುಡುಗನ ಮರದ ಪೆಟ್ಟಿಗೆಗೂ ವ್ಯತ್ಯಾಸ ನನಗೆ ಕಾಣುವುದಿಲ್ಲ.

‘ಒಂದು ನಿಮಿಷ,’ ಎಂದು ಪುತ್ತೂರಿನವನು ಲ್ಯಾಪ್‌ಟಾಪ್ ತಿರುಗಿಸುತ್ತಾನೆ. ‘ಬಲಾಟ್ರೊ’ ಆಡುತ್ತಿದ್ದಾನೆ. ಇಸ್ಪೀಟಿನ ಪೋಕರ್ ಜೋಡಣೆಗಳನ್ನು ಕಟ್ಟಿ ಅಂಕ ಬೆಳೆಸುವ ಆಟ, ಒಬ್ಬನೇ ಕೂತು ತಯಾರಿಸಿದ್ದು, 2024ರಲ್ಲಿ ಬಂದದ್ದು. ‘ಇದರಲ್ಲಿ ಗೆದ್ದ ಮೇಲೂ ಎಂಡ್‌ಲೆಸ್ ಮೋಡ್ ಉಂಟು. ಟೆಟ್ರಿಸ್‌ಗೆ ಕೊನೆ ಎಲ್ಲುಂಟು? ನಿಮ್ಮ ಲೆಕ್ಕದಲ್ಲಿ ಟೆಟ್ರಿಸ್ ಅಂಗಡಿಯಾ ಮಾರಾಯ್ರೆ?’

ಗಟ್ಟಿ ಏಟು. ಟೆಟ್ರಿಸ್ 1984ರಲ್ಲಿ ಮಾಸ್ಕೋದ ಅಲೆಕ್ಸೆಯ್ ಪಾಜಿಟ್ನೊವ್ ಬರೆದ ಆಟ. ಗೆಲ್ಲುವ ಜಾಗವೇ ಅದರಲ್ಲಿಲ್ಲ. ತುಂಡುಗಳು ಬೀಳುತ್ತಲೇ ಇರುತ್ತವೆ, ವೇಗ ಹೆಚ್ಚುತ್ತಲೇ ಹೋಗುತ್ತದೆ. ಆದರೆ ಸೋಲುವ ಜಾಗ ಇದೆ, ಅದೂ ಬೇಗ ಬರುತ್ತದೆ, ಬಂದಾಗ ತಪ್ಪು ನಿಮ್ಮದೇ ಎಂದು ಕಣ್ಣಿಗೆ ಕಾಣುತ್ತದೆ. ಪ್ರತಿ ಸುತ್ತೂ ಮುಗಿಯುತ್ತದೆ. ನಿಂಟೆಂಡೊದ ಹಳೆಯ ಟೆಟ್ರಿಸ್ಸನ್ನು 2023ರ ಡಿಸೆಂಬರಿನಲ್ಲಿ ಅಮೆರಿಕದ 13 ವರ್ಷದ ಹುಡುಗನೊಬ್ಬ 157ನೇ ಹಂತದವರೆಗೆ ಆಡಿ, ಆಟದ ಪ್ರೋಗ್ರಾಮೇ ಸ್ತಂಭಿಸಿ ನಿಲ್ಲುವಂತೆ ಮಾಡಿದ. ಅಲ್ಲಿಯವರೆಗೆ ಆ ಕೊನೆಯನ್ನು ಮುಟ್ಟಿದ ಮನುಷ್ಯ ಇರಲಿಲ್ಲ. ಕೊನೆಯಿಲ್ಲದ ಆಟಕ್ಕೂ ಮನುಷ್ಯ ಕೊನೆ ಹುಡುಕಿಕೊಂಡು ಹೋಗುತ್ತಾನೆ, ನೋಡಿ. ಇನ್ನು ಬಲಾಟ್ರೊ: ಎಂಟನೇ ಹಂತ ದಾಟಿದರೆ ಗೆದ್ದಿರಿ ಎಂದು ಹೇಳಿ ಬಾಗಿಲು ತೆರೆಯುತ್ತದೆ, ಬೇಕಿದ್ದರೆ ಮುಂದುವರಿಯಿರಿ ಎನ್ನುತ್ತದೆ. ನಾಳೆ ಬರದಿದ್ದರೆ ಏನೋ ಕಳೆದುಕೊಳ್ಳುತ್ತೀರಿ ಎಂದು ಹೆದರಿಸುವುದಿಲ್ಲ. ವಿಚಿತ್ರವೆಂದರೆ ಪೋಕರ್ ಎಲೆ ಕಂಡದ್ದೇ ನೆಪವಾಗಿ ಯುರೋಪಿನ ವಯೋಮಿತಿ ಮಂಡಳಿ ಇದಕ್ಕೆ 18ರ ಮುದ್ರೆ ಒತ್ತಿತ್ತು. ಹಣ ಕೊಟ್ಟು ಆಟಗಾರರ ಪ್ಯಾಕ್ ತೆರೆಯುವ ಫುಟ್‌ಬಾಲ್ ಆಟಕ್ಕೆ ಆಗ ಅದೇ ಮಂಡಳಿಯ ಮುದ್ರೆ 3 ಇತ್ತು. ಮೇಲ್ಮನವಿಯ ನಂತರ, 2025ರಲ್ಲಿ, ಬಲಾಟ್ರೊದ್ದನ್ನು 12ಕ್ಕೆ ಇಳಿಸಿದರು.

‘ಅಡ್ಡಿಯಿಲ್ಲ, ಒಪ್ಪಿದೆ,’ ಎನ್ನುತ್ತಾನೆ. ಪೂರ್ತಿ ಒಪ್ಪಿದ ಮುಖವಲ್ಲ ಅದು.

ಮೇಡಂ ಇನ್ನೊಂದು ಎಳೆ ಹಿಡಿಯುತ್ತಾರೆ: ‘ಕಂಪನಿಯವರೇ ಆಟ ನಿಲ್ಲಿಸಿದ್ರೆ ಅದೂ ಮುಗಿದ ಹಾಗೇ ತಾನೆ?’ ಅಲ್ಲ. ಅದು ಕಸಿದುಕೊಂಡ ಹಾಗೆ. ಯುಬಿಸಾಫ್ಟ್‌ನ ಕಾರ್ ಓಟದ ಆಟ ‘ದಿ ಕ್ರೂ’ 2014ರಲ್ಲಿ ಬಂತು. 2024ರ ಮಾರ್ಚ್ ಕೊನೆಗೆ ಸರ್ವರ್ ನಿಲ್ಲಿಸಿದರು. ಒಬ್ಬಂಟಿಯಾಗಿ ಆಡಬಲ್ಲ ಭಾಗಕ್ಕೂ ಸರ್ವರ್ ಬೇಕಿದ್ದರಿಂದ, ದುಡ್ಡು ಕೊಟ್ಟು ಕೊಂಡವರ ಡಿಸ್ಕ್ ಅಂದಿನಿಂದ ಕೆಲಸಕ್ಕೆ ಬಾರದ್ದಾಯಿತು. ಅದೇ ವರ್ಷ ಸೋನಿಯ ‘ಕಾಂಕಾರ್ಡ್’ ಆಗಸ್ಟ್ 23ಕ್ಕೆ ಬಿಡುಗಡೆಯಾಗಿ ಸೆಪ್ಟೆಂಬರ್ 6ಕ್ಕೆ ಮುಚ್ಚಿತು. ಎರಡೇ ವಾರ. ಹಣವನ್ನೇನೋ ವಾಪಸು ಕೊಟ್ಟರು. ಮಾರಿದ ಆಟವನ್ನು ಹೀಗೆ ಸಾಯಿಸಬೇಡಿ ಎಂದು ಯುರೋಪಿನಲ್ಲಿ ಶುರುವಾದ ಮನವಿಗೆ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ನಮ್ಮ ಪ್ಯಾಂಡೆಮಿಕ್ ಡಬ್ಬಿಯಲ್ಲಿ ಒಂದೆರಡು ಕ್ಯೂಬು ಕಳೆದರೆ ಹುಣಸೆಬೀಜ ಇಟ್ಟು ಆಡುತ್ತೇವೆ. ಆಡುವವರ ಕೈಯಲ್ಲಿ ಮುಗಿಯುವುದು ಬೇರೆ, ಮಾರಿದವರು ಬೀಗ ಹಾಕುವುದು ಬೇರೆ.

ಹುಣಸೆಬೀಜ ಎಂದದ್ದೇ ತಡ, ಅಮ್ಮ ಕಾಫಿ ಲೋಟಗಳ ಜೊತೆ ಸೀಮೆಸುಣ್ಣ ತಂದರು. ನೆಲದ ಮೇಲೆ ಐದಕ್ಕೆ ಐದು ಮನೆ, ನಾಲ್ಕು ಕಡೆಯ ನಡುಮನೆಗೂ ಮಧ್ಯದ ಮನೆಗೂ ಕಾಟು ಗುರುತು. ಚೌಕಾಬಾರ. ಒಂದು ಬದಿ ತೇದ ನಾಲ್ಕು ಬೀಜ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪಾದರೆ ಬಾರ, ಎರಡಕ್ಕೂ ಇನ್ನೊಂದು ಆಟ.

ಹಳೆಯದೆಂಬ ಕಾರಣಕ್ಕೆ ಇದನ್ನು ಹೊಗಳಲಾರೆ. ಕೊನೆಯ ಕಾಯಿ ಹಣ್ಣಾಗಲು ಸರಿಯಾದ ಗರ ಬೀಳದೆ ಒದ್ದಾಡುವುದು ಬೇಸರದ ಕೆಲಸ. ಆದರೆ ಒಂದು ನಿಯಮಕ್ಕೆ ಮಾತ್ರ ನನ್ನ ನಮಸ್ಕಾರ: ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಜಗಳ ತಪ್ಪಿಸಿಕೊಂಡು ಗೋಡೆ ಪಕ್ಕ ನಡೆದು ಗೆಲ್ಲಲು ಬಿಡುವುದಿಲ್ಲ. ಅಮ್ಮನ ಕಾಯಿ ಯಾರೂ ಕಡಿಯಲಾಗದ ಕಟ್ಟೆಮನೆಯಿಂದ ಹೊರಬರಲಿ ಎಂದು ಪುತ್ತೂರಿನವನು ಕಾಯುತ್ತಿದ್ದಾನೆ. ಅದು ಅಮ್ಮನಿಗೂ ಗೊತ್ತು. ‘ಮುಟ್ಟಿ ನೋಡಪ್ಪ, ಆಮೇಲೆ ಕಾಫಿ ಕೇಳ್ಬೇಡ,’ ಎನ್ನುತ್ತಾರೆ. ಅವನ ಊರಿನ ಚೆನ್ನೆಮಣೆ, ನಮ್ಮ ಕಡೆಯ ಅಳಗುಳಿಮಣೆ, ತಂತ್ರದಲ್ಲಿ ಚೌಕಾಬಾರಕ್ಕಿಂತ ಒಂದು ಕೈ ಮೇಲು. ಅಲ್ಲಿ ಅದೃಷ್ಟಕ್ಕೆ ಜಾಗವೇ ಇಲ್ಲ, ಹದಿನಾಲ್ಕು ಗುಳಿ, ಬೀಜಗಳ ಲೆಕ್ಕ, ಅಷ್ಟೇ.

ಆಟ ರೂಪಿಸುವುದು ಹೊರಗಿನವರ ವಿದ್ಯೆ ಎಂದು ಯಾರಾದರೂ ಹೇಳಿದರೆ ಅವರನ್ನು ಮೈಸೂರಿಗೆ ಕಳುಹಿಸಿ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ತಾವೇ ಹೊಸ ಮಣೆಯಾಟಗಳನ್ನು ಕಟ್ಟಿದ ದೊರೆ. ಚದುರಂಗದ ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಕಾಲಿಡಿಸಿ ಓಡಿಸುವ ಲೆಕ್ಕದ ಹುಚ್ಚು ಅವರಿಗಿತ್ತು. ಅವರ ಕಾಲದ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗದಲ್ಲಿ ಆಟಗಳೂ ಇವೆ. 1861ರ ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಆಟದ ಮನೆಗಳನ್ನು ಬಣ್ಣದಲ್ಲಿ ಬರೆಸಿದ್ದಾರೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಈ ಆಟಗಳ ಮಣೆ, ಕಾಯಿ, ಕವಡೆಗಳನ್ನು ಮತ್ತೆ ಮಾಡಿಸಿ ‘ಕ್ರೀಡಾಕೌಶಲ್ಯ’ ಎಂಬ ಪ್ರದರ್ಶನದಲ್ಲಿ ಜನರ ಮುಂದಿಡುತ್ತ ಬಂದಿದೆ. ಮ್ಯೂಸಿಯಮ್ಮಿಗಿಂತ ಅದು ವಾಸಿ, ಕೊಂಡು ಮನೆಗೆ ತಂದು ಆಡಬಹುದು. ಒಂದು ಆಟ ಬದುಕುವುದು ಆಡುವುದರಿಂದ, ಗಾಜಿನ ಹಿಂದಿಟ್ಟು ಪೂಜಿಸುವುದರಿಂದಲ್ಲ.

ಏಳಾಗುತ್ತಾ ಬಂತು. ಮೇಡಂ ಮೆಟ್ರೋಗೆ ಹೊರಟರು. ಅಮ್ಮ ಗೆದ್ದರು, ಅದನ್ನು ಎರಡು ಸಲ ಹೇಳಿದರು. ನೀವೂ ಎದ್ದಿರಿ. ಹೋಗುವ ಮೊದಲು ಒಂದು ಮಾತು.

ಮುಂದಿನ ಸಲ ಮಕ್ಕಳಿಗೋ ನಿಮಗೋ ಆಟ ಕೊಳ್ಳುವಾಗ ಗ್ರಾಫಿಕ್ಸ್ ಹೇಗಿದೆ, ಎಷ್ಟು ಕೋಟಿ ಜನ ಆಡುತ್ತಾರೆ ಎಂದು ವಿಚಾರಿಸಬೇಡಿ. ಮೂರು ಪ್ರಶ್ನೆ ಕೇಳಿ. ಇದು ಯಾವಾಗ ಮುಗಿಯುತ್ತದೆ? ಒಂದು ವಾರ ಬಿಟ್ಟು ಬಂದರೆ ನನಗೆ ದಂಡ ಹಾಕುತ್ತದೆಯೇ? ಮಾಡಿದವರು ಅಂಗಡಿ ಮುಚ್ಚಿದರೂ ನಾನು ಆಡಬಲ್ಲೆನೇ? ಮೂರಕ್ಕೂ ನೇರ ಉತ್ತರ ಕೊಡುವ ಆಟ ಮೇಜಿನದ್ದಾಗಲಿ, ಟಿವಿಯದ್ದಾಗಲಿ, ಫೋನಿನದ್ದೇ ಆಗಲಿ, ಕಣ್ಣುಮುಚ್ಚಿ ತನ್ನಿ. ಉತ್ತರದ ಬದಲು ಉಚಿತ ಹರಳು ಕೊಡುತ್ತೇನೆ ಎನ್ನುವುದನ್ನು ಬಿಟ್ಟುಬಿಡಿ. ಮುಂದಿನ ಭಾನುವಾರಕ್ಕೆ ಒಂದು ಕುರ್ಚಿ ಖಾಲಿ ಇದೆ, ಬರುವುದಾದರೆ ಶನಿವಾರವೇ ತಿಳಿಸಿ. ಅನ್ನಕ್ಕೆ ಲೆಕ್ಕ ಬೇಕು.